ಯಂತ್ರವು ಮರುನುಡಿಯದಿದ್ದಾಗ

(ಶಾಲೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ವಿದ್ಯುನ್ಮಾನ ಸಾಧನವಿಲ್ಲದ ಮನೆಯು ಈಗ ಅಪರೂಪ. ಕೈಯಲ್ಲಿ ಮೊಬೈಲು, ಗೋಡೆಯ ಮೇಲೆ ಟಿ.ವಿ., ಮೂಲೆಯಲ್ಲಿ ಇನ್ವರ್ಟರು, ಹೊಲದ ಬಾವಿಯ ಮೋಟಾರನ್ನು ಮನೆಯಲ್ಲಿ ಕುಳಿತೇ ನಡೆಸುವ ಪೆಟ್ಟಿಗೆ, ಶಾಲೆಯಲ್ಲಿ ಗಣಕಯಂತ್ರ. ಸುಸ್ಥಿತಿಯಲ್ಲಿರುವವರೆಗೆ ಇವು ವಿನೀತ ಸೇವಕರಂತೆ ನಮ್ಮ ಅಪ್ಪಣೆಯನ್ನು ಪಾಲಿಸುತ್ತವೆ. ಆದರೆ ಒಂದು ದಿನ ಗುಂಡಿ ಒತ್ತಿದರೆ ಉತ್ತರವಿಲ್ಲ. ಮತ್ತೆ ಒತ್ತಿದರೂ ಇಲ್ಲ. ಆಗ ಕೆಲವರು ಅದರ ಬೆನ್ನಿಗೆ ಎರಡು ಪೆಟ್ಟು ಕೊಡುತ್ತಾರೆ. ಕೆಲವರು ಇದರ ಆಯುಷ್ಯ ತೀರಿತೆಂದು ಅಟ್ಟಕ್ಕೆ ಎಸೆದುಬಿಡುತ್ತಾರೆ. ಈ ಎರಡಕ್ಕಿಂತ ಬೇರೆಯಾದ ಮೂರನೆಯ ದಾರಿಯೊಂದುಂಟು. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನಾವು ಇಂದು ನಿಮ್ಮೆದುರು ನಿಂತಿದ್ದೇವೆ.

ಇಂತಹ ಪ್ರತಿಯೊಂದು ಸಾಧನದೊಳಗೂ ಒಂದು ಚಿಕ್ಕ ಗಣಕವು ಯಜಮಾನನಂತೆ ಕುಳಿತಿರುತ್ತದೆ. ಹೊರಗಿನಿಂದ ಬಂದ ಅಪ್ಪಣೆಯನ್ನು ಕೇಳುವುದು, ತನ್ನಲ್ಲಿ ಬರೆದಿಟ್ಟ ಕ್ರಮದಂತೆ ಕೆಲಸ ಮಾಡಿಸುವುದು, ಆದ ಕೆಲಸದ ವರದಿಯನ್ನು ಒಪ್ಪಿಸುವುದು, ಈ ಮೂರು ಅದರ ಕರ್ತವ್ಯಗಳು. ಇವನ್ನು ಕಿವಿ, ಕೈ, ಬಾಯಿ ಎಂದು ಕರೆಯೋಣ. ಯಂತ್ರವು ಮರುನುಡಿಯದಿದ್ದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ಮೂರರಲ್ಲಿ ನಿಂತುಹೋದುದು ಯಾವುದು? ಉತ್ತರ ಬರಲಿಲ್ಲವೆಂದ ಮಾತ್ರಕ್ಕೆ ಕಿವಿ ಕೇಳುತ್ತಿಲ್ಲವೆಂದಾಗಲಿ, ಕೈ ಆಡುತ್ತಿಲ್ಲವೆಂದಾಗಲಿ ನಿರ್ಣಯಿಸಲಾಗದು.

ಈ ತತ್ತ್ವವು ಎಷ್ಟು ದೂರ ಕೆಲಸಕ್ಕೆ ಬರುತ್ತದೆಂಬುದಕ್ಕೆ ಒಂದು ನಿಜವಾದ ಉದಾಹರಣೆಯನ್ನು ಹೇಳುತ್ತೇವೆ. 1977ನೆಯ ಇಸವಿಯ ಸೆಪ್ಟೆಂಬರ್ 5ರಂದು ಅಮೆರಿಕದವರು ‘ವೊಯೇಜರ್ 1’ ಎಂಬ ಆಕಾಶನೌಕೆಯನ್ನು ಹಾರಿಸಿದರು. ಅದು 1979ರಲ್ಲಿ ಗುರುಗ್ರಹವನ್ನೂ 1980ರಲ್ಲಿ ಶನಿಗ್ರಹವನ್ನೂ ಹತ್ತಿರದಿಂದ ನೋಡಿ ಮುಂದೆ ಸಾಗಿತು. 2012ರ ಆಗಸ್ಟ್ ತಿಂಗಳಲ್ಲಿ ಸೂರ್ಯನಿಂದ ಹೊಮ್ಮುವ ಕಣಪ್ರವಾಹದ ಎಲ್ಲೆಯನ್ನು ದಾಟಿ, ನಕ್ಷತ್ರಗಳ ನಡುವಣ ಬಯಲನ್ನು ಸೇರಿತು. ಅಷ್ಟು ದೂರ ಹೋದ ಮೇಲೂ ಅದು ತಾನು ಕಂಡುದನ್ನು ರೇಡಿಯೋ ಮೂಲಕ ಭೂಮಿಗೆ ತಿಳಿಸುತ್ತಲೇ ಇತ್ತು.

2023ರ ನವೆಂಬರ್ 14ರಂದು ಈ ಕ್ರಮ ಕೆಟ್ಟಿತು. ನೌಕೆಯಿಂದ ರೇಡಿಯೋ ತರಂಗವೇನೋ ಬರುತ್ತಿತ್ತು. ಆದರೆ ಅದರಲ್ಲಿ ಅರ್ಥವಿರಲಿಲ್ಲ. ಸೊನ್ನೆ ಒಂದುಗಳ ಒಂದೇ ಸಾಲು, ಜಪಸರದಂತೆ ತಿರುತಿರುಗಿ ಬರತೊಡಗಿತು. ನೌಕೆಗೆ ಆಗ ನಲವತ್ತಾರು ವರ್ಷ. ಅದು 2,400 ಕೋಟಿ ಕಿಲೋಮೀಟರಿನಷ್ಟು ದೂರದಲ್ಲಿತ್ತು. ಒಂದು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಓಡುವ ರೇಡಿಯೋ ತರಂಗಕ್ಕೂ ಅಲ್ಲಿಗೆ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ ಬೇಕಾಗಿತ್ತು. ಒಂದು ಪ್ರಶ್ನೆ ಕೇಳಿದರೆ ಉತ್ತರಕ್ಕೆ ನಲವತ್ತೈದು ಗಂಟೆ ಕಾಯಬೇಕು. ಮುಚ್ಚಳ ತೆಗೆದು ನೋಡುವಂತಿಲ್ಲ, ತಂತಿ ಬದಲಿಸುವಂತಿಲ್ಲ.

ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರರು ಮೊದಲು ಮಾಡಿದ ಕೆಲಸವೆಂದರೆ, ಇನ್ನೂ ಜೀವಂತವಾಗಿರುವುದು ಯಾವುದೆಂದು ಗೊತ್ತುಮಾಡಿಕೊಂಡುದು. ನೌಕೆಯು ಅಪ್ಪಣೆಗಳನ್ನು ಸ್ವೀಕರಿಸುತ್ತಿದೆ, ಉಳಿದಂತೆ ಸರಿಯಾಗಿಯೇ ನಡೆಯುತ್ತಿದೆ ಎಂಬುದು ಅವರಿಗೆ ತಿಳಿದುಬಂತು. ಎಂದರೆ ಕಿವಿ ಸರಿ, ಕೈ ಸರಿ; ಕೆಟ್ಟುದು ಬಾಯಿ. ನೌಕೆಯಲ್ಲಿ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಗಣಕಗಳಿವೆ. ಅವುಗಳಲ್ಲಿ ಒಂದು, ಉಪಕರಣಗಳ ವರದಿಯನ್ನೆಲ್ಲ ಒಟ್ಟುಗೂಡಿಸಿ, ಕಟ್ಟು ಕಟ್ಟಿ, ರೇಡಿಯೋ ವಿಭಾಗಕ್ಕೆ ಒಪ್ಪಿಸುವ ಗುಮಾಸ್ತನಂತಹದು. ದೋಷವು ಈ ಗುಮಾಸ್ತನ ಬಳಿ ಇದೆಯೆಂದು ಗುರುತಿಸಿದರು. ಅದನ್ನು ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಿ ನೋಡಿದರು. ನಮ್ಮ ಮನೆಯ ಸಾಧನಗಳಿಗೆ ನಾವು ಮಾಡುವ ಮೊದಲ ಉಪಚಾರವೂ ಇದೇ ಅಲ್ಲವೇ? ಆದರೆ ಅದರಿಂದ ಗುಣವಾಗಲಿಲ್ಲ.

ಮೂರು ತಿಂಗಳಿಗೂ ಮಿಕ್ಕು ಕಾಲ ಕಳೆಯಿತು. ನೌಕೆಯನ್ನು ರಚಿಸಿದವರಲ್ಲಿ ಅನೇಕರು ನಿವೃತ್ತರಾಗಿದ್ದರು, ಕೆಲವರು ಗತಿಸಿದ್ದರು. ಈಗಿನವರಿಗೆ ಒದಗಿ ಬಂದುದು ಆ ಹಿರಿಯರು ದಶಕಗಳ ಹಿಂದೆ ಬರೆದಿಟ್ಟ ಕಾಗದಪತ್ರಗಳು. ಅವನ್ನು ಓದಿ, ಯೋಚಿಸಿ, 2024ರ ಮಾರ್ಚ್ 1ರಂದು ಒಂದು ಅಪ್ಪಣೆಯನ್ನು ಕಳುಹಿಸಿದರು. ಮಲಗಿದವನನ್ನು ಬೆರಳಿನಿಂದ ಮೆಲ್ಲನೆ ತಿವಿದು ನೋಡುವಂತೆ, ಆ ಗಣಕವು ತನ್ನ ಕಾರ್ಯಕ್ರಮದ ಬೇರೆ ಬೇರೆ ಭಾಗಗಳನ್ನು ನಡೆಸಿ ನೋಡಲೆಂಬುದು ಅದರ ಉದ್ದೇಶ. ಮಾರ್ಚ್ 3ರಂದು ಬಂದ ಉತ್ತರವು ಹಿಂದಿನ ಜಪದಂತಿರಲಿಲ್ಲ. ಅದೇನೆಂದು ಕೂಡಲೇ ಅರ್ಥವಾಗಲಿಲ್ಲ. ಮಾರ್ಚ್ 10ರಂದು ಒಬ್ಬ ಎಂಜಿನಿಯರರಿಗೆ ಅದರ ಗುಟ್ಟು ಹೊಳೆಯಿತು. ಆ ಗಣಕವು ತನ್ನ ಸ್ಮೃತಿಕೋಶದಲ್ಲಿದ್ದುದನ್ನೆಲ್ಲ ಸಾಲು ಸಾಲಾಗಿ ಬರೆದು ಕಳುಹಿಸಿತ್ತು!

ಮುಂದೆ ಅವರು ಮಾಡಿದುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ನೌಕೆಯು ಸ್ವಸ್ಥವಾಗಿದ್ದಾಗ ಅದೇ ಸ್ಮೃತಿಕೋಶದ ಪ್ರತಿಯೊಂದನ್ನು ಪಡೆದು ಇಡಲಾಗಿತ್ತು. ಹಳೆಯದನ್ನೂ ಹೊಸದನ್ನೂ ಎದುರೆದುರು ಇಟ್ಟು ಹೋಲಿಸಿದರು. ಒಟ್ಟು ಸ್ಮೃತಿಯಲ್ಲಿ ನೂರಕ್ಕೆ ಮೂರರಷ್ಟು ಭಾಗ ಕೆಟ್ಟಿತ್ತು. ಆ ಭಾಗವನ್ನು ಹಿಡಿದಿಟ್ಟಿದ್ದ ಒಂದೇ ಒಂದು ಚಿಪ್ ನಿಂತುಹೋಗಿತ್ತು. ಆಕಾಶದಲ್ಲಿ ಸಂಚರಿಸುವ ಯಾವುದೋ ತೀವ್ರವೇಗದ ಕಣವು ಬಡಿದು ಹಾಗಾಯಿತೋ, ಅಥವಾ ವಯಸ್ಸಾಗಿ ಸವೆಯಿತೋ, ಎರಡೂ ಸಾಧ್ಯವೆಂದು ಅವರು ಹೇಳಿದರು.

ಚಿಪ್ ಬದಲಿಸಲು ಸಾಧ್ಯವಿಲ್ಲ. ಹಾಗಾದರೆ ಉಪಾಯವೇನು? ಅಂಗಡಿಯ ಖಾತೆ ಪುಸ್ತಕವೊಂದರ ಮೂರು ಹಾಳೆಗಳನ್ನು ಗೆದ್ದಲು ತಿಂದಿತೆಂದುಕೊಳ್ಳಿ. ಪುಸ್ತಕದಲ್ಲಿ ಒಂದು ಖಾಲಿ ಹಾಳೆಯೂ ಇಲ್ಲ. ಅಲ್ಲೊಂದು ಇಲ್ಲೊಂದು ಪುಟದ ಅಂಚಿನಲ್ಲಿ ಎರಡು ಬೆರಳು ಜಾಗವಿದೆ. ಜಾಣ ಲೆಕ್ಕಿಗನು ಆ ಮೂರು ಹಾಳೆಗಳ ಬರಹವನ್ನು ತುಂಡು ತುಂಡಾಗಿ ಈ ಅಂಚುಗಳಲ್ಲಿ ಬರೆದು, ಪ್ರತಿ ತುಂಡಿನ ಕೊನೆಯಲ್ಲಿ ‘ಮುಂದಿನದನ್ನು ಇಂತಹ ಪುಟದಲ್ಲಿ ನೋಡಿ’ ಎಂದು ಸೂಚಿಸುತ್ತಾನೆ. ಹಳೆಯ ಪುಟಸಂಖ್ಯೆ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ತಿದ್ದುತ್ತಾನೆ. ಎಂಜಿನಿಯರರು ಮಾಡಿದುದೂ ಇದನ್ನೇ. ನಷ್ಟವಾದ ಕಾರ್ಯಕ್ರಮವನ್ನು ಭಾಗಮಾಡಿ, ಸ್ಮೃತಿಕೋಶದಲ್ಲಿ ಜಾಗವಿದ್ದೆಡೆ ಸೇರಿಸಿ, ಎಲ್ಲ ಭಾಗಗಳೂ ಒಂದಾಗಿ ನಡೆಯುವಂತೆ ಹೊಂದಿಸಿದರು. ಎಲ್ಲವನ್ನೂ ಒಮ್ಮೆಗೇ ಕಳುಹಿಸಲಿಲ್ಲ. ನೌಕೆಯ ಆರೋಗ್ಯವನ್ನು ತಿಳಿಸುವ ಭಾಗವನ್ನಷ್ಟೇ ಮೊದಲು ಏಪ್ರಿಲ್ 18ರಂದು ಕಳುಹಿಸಿದರು. ಏಪ್ರಿಲ್ 20ರಂದು ಉತ್ತರ ಬಂತು; ಐದು ತಿಂಗಳ ಬಳಿಕ ನೌಕೆಯ ಮಾತು ಮತ್ತೆ ಅರ್ಥವಾಯಿತು. ಆ ಬಳಿಕ ಉಳಿದ ಭಾಗಗಳನ್ನು ಒಂದೊಂದಾಗಿ ಸರಿಪಡಿಸಿ, ಜೂನ್ ತಿಂಗಳ ಹೊತ್ತಿಗೆ ಅಂದು ಕೆಲಸ ಮಾಡುತ್ತಿದ್ದ ನಾಲ್ಕು ಉಪಕರಣಗಳಿಂದಲೂ ವರದಿ ಬರುವಂತೆ ಮಾಡಿದರು.

ಈ ನೌಕೆಗೂ ನಮಗೂ ಒಂದು ನಂಟುಂಟು. ಬಂಗಾರದ ಲೇಪವಿರುವ ಒಂದು ತಾಮ್ರದ ಧ್ವನಿಮುದ್ರಿಕೆಯನ್ನು ಅದರಲ್ಲಿ ಇರಿಸಿದ್ದಾರೆ. ಅದರಲ್ಲಿ ಜಗತ್ತಿನ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಇದೆ. ಮರಾಠಿಯೂ ಇದೆ, ತೆಲುಗೂ ಇದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಪೇಟೆಯಲ್ಲಿ ನಾವು ದಿನವೂ ಕೇಳುವ ಮೂರು ನುಡಿಗಳೂ ಅಲ್ಲಿ ಜೊತೆಗೂಡಿ ಪ್ರಯಾಣ ಮಾಡುತ್ತಿವೆ. ನಮ್ಮ ಮಕ್ಕಳು ಇದನ್ನು ತಿಳಿದಿರಬೇಕು.

ಇನ್ನು ಎರಡನೆಯ ಉದಾಹರಣೆ. ಕೆಲವು ಯಂತ್ರಗಳು ಪೂರ್ತಿ ಸುಮ್ಮನಾಗುವುದಿಲ್ಲ. ನಡುನಡುವೆ ಮೈಮರೆತು, ತಾವಾಗಿಯೇ ಮತ್ತೆ ಎಚ್ಚರಗೊಳ್ಳುತ್ತವೆ. 1997ರ ಜುಲೈ 4ರಂದು ಮಂಗಳಗ್ರಹದ ಮೇಲಿಳಿದ ‘ಪಾಥ್‌ಫೈಂಡರ್’ ನೌಕೆಗೆ ಇದೇ ವ್ಯಾಧಿ ತಗುಲಿತು. ಹವಾಮಾನದ ವಿವರಗಳನ್ನು ಸಂಗ್ರಹಿಸಲು ತೊಡಗಿದ ಕೆಲದಿನಗಳಲ್ಲೇ ಅದರ ಗಣಕವು ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗತೊಡಗಿತು. ಅದರಲ್ಲೊಂದು ಕಾವಲಿನ ವ್ಯವಸ್ಥೆಯಿತ್ತು. ಮುಖ್ಯವಾದ ಕೆಲಸವು ಹೊತ್ತಿಗೆ ಸರಿಯಾಗಿ ಮುಗಿಯದಿದ್ದರೆ, ಎಲ್ಲವನ್ನೂ ನಿಲ್ಲಿಸಿ ಹೊಸದಾಗಿ ಆರಂಭಿಸುವುದು ಅದರ ಧರ್ಮ. ಕಾವಲುಗಾರನು ತನ್ನ ಕರ್ತವ್ಯವನ್ನೇ ಮಾಡುತ್ತಿದ್ದನು. ಮುಖ್ಯ ಕೆಲಸಕ್ಕೆ ತಡೆ ಎಲ್ಲಿಂದ ಬಂತೆಂಬುದೇ ಪ್ರಶ್ನೆ.

ಎಂಜಿನಿಯರರು ಭೂಮಿಯ ಮೇಲಿದ್ದ ಅಂತಹದೇ ಗಣಕವನ್ನು, ಒಳಗೆ ನಡೆಯುವುದೆಲ್ಲವೂ ದಾಖಲಾಗುವಂತೆ ಏರ್ಪಡಿಸಿ, ಗಂಟೆಗಟ್ಟಲೆ ಓಡಿಸಿದರು. ಕೊನೆಗೆ ಅದೇ ದೋಷವು ಅಲ್ಲಿಯೂ ತಲೆದೋರಿತು. ಅದರ ಸ್ವರೂಪವನ್ನು ಶಾಲೆಯ ಉಪಮಾನದಿಂದ ಹೇಳುತ್ತೇವೆ. ಮುಖ್ಯಾಧ್ಯಾಪಕರಿಗೆ ಕಪಾಟಿನ ಕೀಲಿಕೈ ತುರ್ತಾಗಿ ಬೇಕು. ಅದು ಒಬ್ಬ ಚಿಕ್ಕ ಹುಡುಗನ ಬಳಿಯಿದೆ; ತನ್ನ ಕೆಲಸ ಮುಗಿಸಿ ಒಂದು ನಿಮಿಷದಲ್ಲಿ ಕೊಡುವವನಿದ್ದಾನೆ. ಅಷ್ಟರಲ್ಲಿ ಗುಮಾಸ್ತರು ಹುಡುಗನನ್ನು ಬದಿಗೆ ನಿಲ್ಲಿಸಿ ತಮ್ಮ ದೀರ್ಘವಾದ ಕೆಲಸವನ್ನು ಹಿಡಿಯುತ್ತಾರೆ. ಹುಡುಗನು ಗುಮಾಸ್ತರಿಗಾಗಿ ಕಾಯುತ್ತಾನೆ, ಮುಖ್ಯಾಧ್ಯಾಪಕರು ಹುಡುಗನಿಗಾಗಿ ಕಾಯುತ್ತಾರೆ. ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ. ಆದರೂ ಶಾಲೆಯ ಕೆಲಸ ನಿಂತಿತು. ಕೀಲಿಕೈ ಯಾರ ಬಳಿಯಿದೆಯೋ ಅವರಿಗೆ, ಅದನ್ನು ಹಿಂದಿರುಗಿಸುವವರೆಗೆ, ಮುಖ್ಯಾಧ್ಯಾಪಕರ ಅಗ್ರಸ್ಥಾನವೇ ಸಲ್ಲಬೇಕೆಂದು ನಿಯಮ ಮಾಡಿದರೆ ತೊಡಕು ಬಿಡುತ್ತದೆ. ಈ ನಿಯಮವು ಆ ಗಣಕದಲ್ಲಿ ಮೊದಲೇ ಇತ್ತು, ಆದರೆ ಜಾರಿಯಲ್ಲಿರಲಿಲ್ಲ. ಅದನ್ನು ಜಾರಿಗೊಳಿಸುವ ಅಪ್ಪಣೆಯನ್ನು ಮಂಗಳಕ್ಕೆ ಕಳುಹಿಸಿದ ಬಳಿಕ ರೋಗ ವಾಸಿಯಾಯಿತು. ನೌಕೆಯು ಇಳಿಯುವ ಮೊದಲೇ ಪರೀಕ್ಷೆಯಲ್ಲಿ ಈ ದೋಷವು ಇಣುಕಿತ್ತು. ಹುಡುಕಹೊರಟಾಗ ಮಾತ್ರ ಮತ್ತೆ ಕಾಣಿಸಿಕೊಂಡಿರಲಿಲ್ಲ. ಒಮ್ಮೆ ಕಂಡು ಮರೆಯಾದ ದೋಷವು ವಾಸಿಯಾದ ದೋಷವಲ್ಲವೆಂಬುದನ್ನು ಇದರಿಂದ ಕಲಿಯಬೇಕು.

ಈಗ ಆಕಾಶದಿಂದ ನಮ್ಮ ಮನೆಗೆ ಬರೋಣ. ನಿಮ್ಮ ಸಾಧನವು ಸುಮ್ಮನಾದರೆ ಮೊದಲು ವಿದ್ಯುತ್ತು ಬರುತ್ತಿದೆಯೇ ಎಂದು ನೋಡಿರಿ. ಅದೇ ಪ್ಲಗ್ಗಿಗೆ ಬೇರೊಂದು ಸಾಧನವನ್ನು ಹಚ್ಚಿ ಪರೀಕ್ಷಿಸಿರಿ. ಆಮೇಲೆ ಜೀವಂತವಾಗಿರುವುದನ್ನು ಹುಡುಕಿರಿ. ಮೊಬೈಲಿನ ಪರದೆ ಕಪ್ಪಾಗಿದ್ದರೆ ಬೇರೆ ಫೋನಿನಿಂದ ಅದಕ್ಕೆ ಕರೆ ಮಾಡಿರಿ. ಅದು ಗಂಟೆ ಬಾರಿಸಿದರೆ ಒಳಗಿನ ಯಜಮಾನನು ಕ್ಷೇಮ, ಕೆಟ್ಟುದು ಪರದೆ. ಮೂರನೆಯದಾಗಿ, ನಿಲ್ಲಿಸಿ ಆರಂಭಿಸುವುದಕ್ಕೆ ಮುನ್ನ, ಪರದೆಯ ಮೇಲೆ ಏನಿತ್ತು, ಯಾವ ದೀಪ ಉರಿಯುತ್ತಿತ್ತು, ಹಿಂದಿನ ದಿನ ಏನನ್ನು ಹೊಸದಾಗಿ ಸೇರಿಸಲಾಗಿತ್ತು ಎಂಬುದನ್ನು ಬರೆದಿಡಿರಿ. ಮರು ಆರಂಭದಿಂದ ಎಷ್ಟೋ ಸಲ ಗುಣವಾಗುವುದುಂಟು. ಆದರೆ ಅದರೊಂದಿಗೆ ದೋಷದ ಗುರುತೂ ಅಳಿಸಿಹೋಗುವುದುಂಟು. ನಾಲ್ಕನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಬೆನ್ನಿಗೆ ಹೊಡೆದಾಗ ಟಿ.ವಿ. ಮಾತನಾಡಿತೆಂದರೆ, ಎಲ್ಲೋ ಒಂದು ಬೆಸುಗೆ ಸಡಿಲವಾಗಿದೆಯೆಂದು ತಿಳಿಯಿರಿ, ಅದು ಚಿಕಿತ್ಸೆಯಲ್ಲ.

ಒಂದು ಎಚ್ಚರಿಕೆ. ಟಿ.ವಿ., ಇನ್ವರ್ಟರು, ಮೋಟಾರಿನ ಪೆಟ್ಟಿಗೆ ಇವುಗಳ ಮುಚ್ಚಳವನ್ನು ಮಕ್ಕಳು ಎಂದಿಗೂ ತೆರೆಯಕೂಡದು. ತಂತಿ ಕಿತ್ತಮೇಲೂ ಒಳಗಿನ ಕೆಲವು ಭಾಗಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಉಬ್ಬಿದ ಬ್ಯಾಟರಿಯನ್ನು ಒತ್ತುವುದೂ ಚುಚ್ಚುವುದೂ ಅಪಾಯ. ನೋಡುವುದು, ಕೇಳುವುದು, ಬರೆಯುವುದು ನಿಮ್ಮ ಕೆಲಸ. ಬಿಚ್ಚುವುದು ಬಲ್ಲವರ ಕೆಲಸ. ನೀವು ಬರೆದಿಟ್ಟ ನಾಲ್ಕು ಸಾಲು ಆ ಬಲ್ಲವರಿಗೆ ಬಹಳ ನೆರವಾಗುತ್ತದೆ.

ಪಾಲಕ ಬಂಧುಗಳಲ್ಲಿ ಕೊನೆಯದಾಗಿ ಒಂದು ಬಿನ್ನಹ. ಮನೆಯಲ್ಲಿ ಮರುನುಡಿಯದಿರುವುದು ಯಂತ್ರ ಮಾತ್ರವಲ್ಲ. ಲೆಕ್ಕ ಕೇಳಿದರೆ ಮಗು ತಲೆತಗ್ಗಿಸಿ ನಿಲ್ಲುತ್ತದೆ. ಕೂಡಲೇ ‘ದಡ್ಡ’ ಎನ್ನುತ್ತೇವೆ, ಅಥವಾ ಕೈಯೆತ್ತುತ್ತೇವೆ. ಆ ಮಗುವಿನಲ್ಲಿ ನಿಂತುಹೋದುದು ಯಾವುದೆಂದು ವಿಚಾರಿಸಿದ್ದೇವೆಯೇ? ಪಾಠವು ಕಿವಿಗೆ ಬೀಳಲಿಲ್ಲವೋ, ಬಿದ್ದುದು ನಡುವಣ ಒಂದು ಮೆಟ್ಟಿಲಲ್ಲಿ ತೊಡಕಿತೋ, ಎಲ್ಲವೂ ತಿಳಿದಿದ್ದು ಹೇಳಲು ಮಾತ್ರ ಅಂಜಿಕೆಯೋ? ಮೂರಕ್ಕೂ ಮದ್ದು ಬೇರೆ. ತಪ್ಪಾದ ಲೆಕ್ಕವನ್ನು ಅಳಿಸುವ ಮೊದಲು ಮಗುವಿನೊಂದಿಗೆ ಕುಳಿತು ಒಂದೊಂದು ಸಾಲನ್ನೂ ನೋಡಿರಿ. ಎಡವಿದ ಸಾಲು ಒಂದೇ ಇರಬಹುದು. ಸಾವಿರಾರು ಕೋಟಿ ಕಿಲೋಮೀಟರು ದೂರದ ಒಂದು ಯಂತ್ರದ ಉತ್ತರಕ್ಕಾಗಿ ಐದು ತಿಂಗಳು ತಾಳ್ಮೆಯಿಂದ ಕಾದವರಿದ್ದಾರೆ. ನಮ್ಮ ಮಗುವಿಗಾಗಿ ಒಂದು ಸಂಜೆಯನ್ನು ಕೊಡುವುದು ನಮಗೆ ಕಷ್ಟವಾಗಬಾರದು.

ವಿದ್ಯಾರ್ಥಿಗಳೇ, ನೀವೆಲ್ಲರೂ ಇಂದಿನಿಂದಲೇ ಒಂದು ಪುಸ್ತಕವನ್ನಿಟ್ಟು, ನಿಮ್ಮ ಮನೆಯ ಸಾಧನಗಳು ಸರಿಯಿದ್ದಾಗ ಹೇಗಿರುತ್ತವೆಂಬುದನ್ನು ಅದರಲ್ಲಿ ಬರೆಯಲು ತೊಡಗಿರಿ. ಕೆಟ್ಟ ದಿನ ಅದು ಉಪಯೋಗಕ್ಕೆ ಬರುತ್ತದೆ.