ಅಂಕೆ

ಕನ್ನಡದ ‘ಅಂಕೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು, ಎಣಿಕೆಯ ಅಂಕಿ, ಇನ್ನೊಂದು, ಹಿಡಿತ. ಅಂಕೆಯಿಲ್ಲದ ಕಪಿ ಲಂಕೆಯನ್ನು ಸುಟ್ಟಿತೆಂಬ ಗಾದೆಯಲ್ಲಿರುವುದು ಎರಡನೆಯದು. ವ್ಯವಹಾರದ ಯೋಜನೆ, ಆಯವ್ಯಯದ ಅಂದಾಜು, ಆಡಳಿತದ ನಿಯಂತ್ರಣ ಎಂದರೆ ದೊಡ್ಡ ಕಚೇರಿಗಳ ವಿದ್ಯೆಯೆಂದು ನಾವು ದೂರ ನಿಲ್ಲುತ್ತೇವೆ. ಆದರೆ ಅದರ ತಿರುಳು ಈ ಒಂದು ಮಾತಿನಲ್ಲೇ ಅಡಗಿದೆಯೆಂದು ನನಗೆ ತೋರುತ್ತದೆ: ಅಂಕಿಯನ್ನು ಬರೆಯುವುದು ಹಿಡಿತಕ್ಕಾಗಿ.

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯನ್ನೇ ತೆಗೆದುಕೊಳ್ಳೋಣ. ಹೆಸರು ಕೇಳಿದೊಡನೆ ದುಡ್ಡು ನೆನಪಾದರೆ ತಪ್ಪೇನಲ್ಲ. ಅಲ್ಲಿನ ರೈತನೊಬ್ಬ ಒಂದು ಎಕರೆಯಲ್ಲಿ ಕಬ್ಬು ನೆಟ್ಟು, 40 ಟನ್ ಇಳುವರಿ, ಟನ್ನಿಗೆ 3,000 ರೂಪಾಯಿ ಎಂದು ಅಂದಾಜು ಮಾಡಿದನೆನ್ನಿ. ಬರಬೇಕಾದದ್ದು 1,20,000. ಬಂದದ್ದು 32 ಟನ್, ಬೆಲೆ 3,100; ಒಟ್ಟು 99,200. ಕೊರತೆ 20,800 ರೂಪಾಯಿ. ‘ಈ ವರ್ಷ ಕೈಹತ್ತಲಿಲ್ಲ’ ಎಂದು ನಿಟ್ಟುಸಿರಿಟ್ಟರೆ ಅದು ಲೆಕ್ಕವಲ್ಲ. ಬೆಲೆಯಿಂದ 3,200 ರೂಪಾಯಿ ಲಾಭವೇ ಆಗಿದೆ. ಇಳುವರಿ ಕುಗ್ಗಿದ್ದರಿಂದ 24,000 ಹೋಗಿದೆ. ದೋಷ ಪೇಟೆಯಲ್ಲಿಲ್ಲ, ಹೊಲದಲ್ಲಿದೆ. ನೀರಿನ ಸರದಿ ತಪ್ಪಿತೋ, ಗೊಬ್ಬರ ತಡವಾಯಿತೋ, ಕೂಳೆಯನ್ನು ಅತಿಯಾಗಿ ನಂಬಿದ್ದಾಯಿತೋ? ಅಂದಾಜನ್ನು ಬರೆದಿಟ್ಟುಕೊಂಡವನು ಮಾತ್ರ ಈ ಪ್ರಶ್ನೆ ಕೇಳಬಲ್ಲ. ಅದೂ ಕಟಾವಿನ ದಿನವಲ್ಲ, ಮೂರನೆಯ ತಿಂಗಳಲ್ಲೇ. ಇಲ್ಲವಾದರೆ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಈ ನಾಡಿಗೆ ಯೋಜನೆಯೆಂಬುದು ಹೊಸದಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು; ಮುಂದೆ ನಾಲೆ ಬಂತು; ನಾಲೆಯ ನೀರಿಗೆ ಕಬ್ಬು, ಕಬ್ಬಿಗೆ ಕಾರ್ಖಾನೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆ ಡಾ. ಲೆಸ್ಲಿ ಕೋಲ್ಮನ್ನರ ಶ್ರಮವಿತ್ತು. ಮರುವರ್ಷವೇ ವಿಶ್ವೇಶ್ವರಯ್ಯನವರು ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು.

ಆದರೆ ಕಟ್ಟಿದ್ದನ್ನು ಕಾಯುವುದೂ ಯೋಜನೆಯ ಭಾಗವೇ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ತೂಕವೂ ಸಕ್ಕರೆಯೂ ಇಳಿಯುತ್ತವೆ. ಕಡಿಯದೆ ಬಿಟ್ಟರೆ ಸೂಲಂಗಿ ಬಂದು ಬೆಂಡಾಗುತ್ತದೆ. ಆದ್ದರಿಂದ ಯಾರ ಹೊಲ ಎಂದು ಕಟಾವಾಗಬೇಕು, ಯಂತ್ರ ಎಂದು ಸಿದ್ಧವಾಗಬೇಕು, ಹಣ ಎಂದು ಪಾವತಿಯಾಗಬೇಕು ಎಂಬುದೆಲ್ಲ ಒಂದೇ ಸರಪಣಿ. ಒಂದು ಕೊಂಡಿ ಕಳಚಿದರೆ ಸಾಲದ ಬಡ್ಡಿ ರೈತನ ತಲೆಯ ಮೇಲೆ ಏರುತ್ತದೆ. ಮಂಡ್ಯದ ಆ ಕಾರ್ಖಾನೆಯೇ ನಷ್ಟಕ್ಕೆ ಸಿಲುಕಿ, ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ಅರೆಯಲಾರಂಭಿಸಿತು. ನಿಂತಿದ್ದ ವರ್ಷಗಳಲ್ಲಿ ಕಬ್ಬು ಬೇರೆ ಕಾರ್ಖಾನೆಗಳ, ಆಲೆಮನೆಗಳ ಬಾಗಿಲನ್ನು ಹುಡುಕಿಕೊಂಡು ಹೋಗಬೇಕಾಯಿತು.

‘ಬಜೆಟ್’ ಎಂಬ ಪದದ ಮೂಲ ಹಳೆಯ ಫ್ರೆಂಚಿನ ಸಣ್ಣ ತೊಗಲ ಚೀಲ. ನಮ್ಮ ಅಜ್ಜಿಯರ ಸೊಂಟದ ಸಂಚಿಯ ಬಂಧು. ಸಂಚಿಯಲ್ಲಿ ಎಷ್ಟಿದೆ ಎಂಬುದು ಅಜ್ಜಿಗೆ ಸದಾ ತಿಳಿದಿರುತ್ತಿತ್ತು. ಯಾವುದಕ್ಕೆ ಬಿಚ್ಚಬೇಕು, ಯಾವುದಕ್ಕೆ ಬಿಗಿಯಬೇಕು ಎಂಬುದೂ ತಿಳಿದಿರುತ್ತಿತ್ತು. ಅಂದಾಜು ಭವಿಷ್ಯವಾಣಿಯಲ್ಲ, ಅದು ಸುಳ್ಳಾಗಬಹುದು, ಮಳೆ ಅದನ್ನು ಅಳಿಸಲೂಬಹುದು. ಎಷ್ಟು ಸುಳ್ಳಾಯಿತು, ಏಕೆ ಆಯಿತು ಎಂದು ಕಾಲ ಮೀರುವ ಮುನ್ನ ತಿಳಿಸುವುದೇ ಅದರ ಉಪಕಾರ. ಈ ವಿದ್ಯೆಯನ್ನು ಕಲಿಯಬಯಸುವವರು ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಅಂದಾಜನ್ನೂ ಬಲಪುಟದಲ್ಲಿ ನಡೆದದ್ದನ್ನೂ ಬರೆದು, ತಿಂಗಳಿಗೊಮ್ಮೆ ಎರಡನ್ನೂ ಎದುರುಬದುರಾಗಿ ಓದಲಿ. ಉಳಿದ ಪಾಠವನ್ನು ಆ ಎರಡು ಪುಟಗಳ ನಡುವಿನ ಅಂತರವೇ ಕಲಿಸುತ್ತದೆ.