ಕಾರ್ಖಾನೆಯ ರೈಫಲ್ಲೂ ಕೈಕೆಲಸದ ರೈಫಲ್ಲೂ
(ಹಿಡುವಳಿದಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕಾಡಂಚಿನ ಗ್ರಾಮಗಳಲ್ಲಿ ಭತ್ತ, ಕಬ್ಬು, ಮುಸುಕಿನ ಜೋಳಗಳಿಗೆ ಹಂದಿಗಳಿಂದಾಗುವ ನಷ್ಟವು ನಿಮಗೆ ವಿದಿತವೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಧಿಕಾರಿಗಳ ಅಪ್ಪಣೆಯಿಲ್ಲದೆ ಹಂದಿಯನ್ನು ಹೊಡೆಯಕೂಡದು. 1959ರ ಆಯುಧಗಳ ಕಾಯಿದೆಯ ಮೇರೆಗೆ ಲೈಸೆನ್ಸೂ ಬೇಕು. ಇವೆರಡೂ ಉಳ್ಳವರನ್ನು ಕುರಿತೇ ನಾನು ಈ ಹೊತ್ತು ಮಾತನಾಡುವುದು.

ಇಂಥವರಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಕೇಳುತ್ತಿರುತ್ತಾರೆ. ಬಂಗಾಳದ ಇಛಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ಲು ಸಾಕೆ, ಅಥವಾ ಹಳೆಯ ಮನೆತನಗಳಲ್ಲಿ ಉಳಿದಿರುವ ಲಂಡನ್ನಿನ ಕೈಕೆಲಸದ ರೈಫಲ್ಲಿಗೆ ಅದರ ಹಲವು ಪಟ್ಟು ಬೆಲೆಯನ್ನು ತೆರಬೇಕೆ? ಒಂದು ಬೆಳೆಯ ಹಣವೆಲ್ಲ ಇದಕ್ಕೇ ಹೋಗಬಹುದಾದುದರಿಂದ ವಿಚಾರಮಾಡಿ ಉತ್ತರ ಹೇಳುವುದು ಯುಕ್ತ.

ರೈಫಲ್ಲಿನ ನಿಷ್ಕೃಷ್ಟತೆಯೆಂದರೆ, ಅದನ್ನು ಅಲುಗದಂತೆ ಆನಿಸಿ ಒಂದೇ ಗುರಿಗೆ ಹಾರಿಸಿದ ಗುಂಡುಗಳು ಎಷ್ಟು ಕಿರಿದಾದ ಜಾಗದಲ್ಲಿ ಗುಂಪುಗೂಡುತ್ತವೆ ಎಂಬುದು. ಗುಂಪು ಗುರಿಯ ಎಡಕ್ಕೋ ಬಲಕ್ಕೋ ಬಿದ್ದರೆ ಗುರಿಗಣ್ಣನ್ನು ಸರಿಪಡಿಸಿಕೊಳ್ಳಬಹುದು. ಚೆದರಿ ಬಿದ್ದರೆ ಹಾಗೆ ಸರಿಪಡಿಸುವಂತಿಲ್ಲ. ಒಂದು ಅಂಶದ ಅರುವತ್ತನೆಯ ಒಂದು ಭಾಗದಷ್ಟು ಕೋನವು 100 ಗಜದಲ್ಲಿ ಒಂದು ಅಂಗುಲಕ್ಕಿಂತ ಕೊಂಚ ಹೆಚ್ಚಾಗುತ್ತದೆ. ಬಲ್ಲವರು ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಹಿಂದಿನ ಕಾರ್ಖಾನೆಯ ರೈಫಲ್ಲುಗಳು ಎರಡು ಮೂರು ಅಂಗುಲದೊಳಗೆ ಹೊಡೆದರೆ ಜನ ತೃಪ್ತರಾಗುತ್ತಿದ್ದರು. ಈಗಲಾದರೋ ಅಮೆರಿಕದ ವೆದರ್‌ಬಿ ಕಂಪೆನಿಯವರು ಮೂರು ಗುಂಡುಗಳು ಒಂದು ಅಂಗುಲದೊಳಗೇ ಬೀಳುವುವೆಂದು ಮಾತು ಕೊಟ್ಟೇ ಮಾರುತ್ತಾರೆ. ಈ ಕಾಲದ ನುರಿತ ಕುಶಲಿಗಳು ಕಟ್ಟಿದ ರೈಫಲ್ಲು ಅರ್ಧ ಅಂಗುಲಕ್ಕೂ ಇಳಿಯಬಹುದು.

ಈ ವ್ಯತ್ಯಾಸಕ್ಕೆ ಕಾರಣವು ಗುಟ್ಟಿನದೇನೂ ಅಲ್ಲ. ಕಾರ್ಖಾನೆಯು ಸಾವಿರಾರು ನಳಿಗೆಗಳನ್ನು ಕೊರೆಯುತ್ತದೆ. ಯಾವ ಕಂಪೆನಿಯ ತೋಟಾ ಆದರೂ ಹಿಡಿಸಲೆಂದು ತೋಟಾ ಕೂರುವ ಮನೆಯನ್ನು ಕೊಂಚ ಸಡಿಲವಾಗಿಯೇ ಇಡುತ್ತದೆ. ಕುಶಲಿಯು ಒಂದೊಂದು ನಳಿಗೆಯ ಒಳಮೈಯನ್ನೂ ಉಜ್ಜಿ ನಯಮಾಡಿ, ತೋಟಾದ ಮನೆಯನ್ನು ನಳಿಗೆಯ ನಡುಗೆರೆಗೆ ಸರಿಯಾಗಿ ಕೊರೆದು, ಮರದ ಭಾಗವನ್ನು ಕೊಂಡವನ ತೋಳಿಗೆ ಅಳತೆಮಾಡಿ ಕೂರಿಸುತ್ತಾನೆ. ಊರಿನ ಬಡಗಿಯು ಎತ್ತಿನ ಎತ್ತರವನ್ನೂ ಉಳುವವನ ಕೈಯನ್ನೂ ನೋಡಿ ಮೇಳಿಯನ್ನು ಜೋಡಿಸುವಂತೆಯೇ ಇದು.

ಆದರೆ ಕೈಕೆಲಸವೆಂಬ ಹೆಸರಿಗೆ ಮರುಳಾಗಬೇಡಿ. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದ .275 ರೈಫಲ್ಲು ಲಂಡನ್ನಿನ ರಿಗ್ಬಿಯವರದು. ಅದರ ಗುಂಡಿಗೆಯಾದ ಬೋಲ್ಟಿನ ಭಾಗವಾದರೋ ಜರ್ಮನಿಯ ಮೌಸರ್ ಕಾರ್ಖಾನೆಯದು! ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ನರು ಕಾಡಿಗೆ ಒಯ್ಯುತ್ತಿದ್ದುದು ಅಮೆರಿಕದ ಕಾರ್ಖಾನೆಯ .405 ವಿಂಚೆಸ್ಟರನ್ನು. ಪೊದೆಗಳ ನಡುವೆ ಹತ್ತಾರು ಗಜದ ದೂರದಲ್ಲಿ ಮೃಗವು ಎದುರಾದಾಗ ಅರ್ಧ ಅಂಗುಲದ ಹೆಚ್ಚುಕಡಮೆಯನ್ನು ಕೇಳುವವರಾರು?

ಇನ್ನೊಂದು ಲೆಕ್ಕವಿದೆ, ದಯವಿಟ್ಟು ಗಮನವಿಟ್ಟು ಕೇಳಬೇಕು. ಹೊಲದಲ್ಲಿ ಮಂಡಿಯೂರಿ ಹೊಡೆಯುವವನ ಕೈನಡುಕವೇ 100 ಗಜದಲ್ಲಿ ನಾಲ್ಕು ಅಂಗುಲದಷ್ಟೆಂದು ಇಟ್ಟುಕೊಳ್ಳೋಣ. ಕೈಯ ತಪ್ಪೂ ರೈಫಲ್ಲಿನ ತಪ್ಪೂ ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ಒಂದೂವರೆ ಅಂಗುಲದ ರೈಫಲ್ಲಾದರೆ ಒಟ್ಟು ಚೆದರು 4.27 ಅಂಗುಲ, ಅರ್ಧ ಅಂಗುಲದ್ದಾದರೆ 4.03 ಅಂಗುಲ. ಅಷ್ಟೊಂದು ಹಣ ಸುರಿದು ಗಳಿಸಿದ್ದು ಕಾಲು ಅಂಗುಲ ಮಾತ್ರ. ಕೈನಡುಕವನ್ನು ನಾಲ್ಕರಿಂದ ಮೂರಕ್ಕೆ ಇಳಿಸಿದವನು ಅಗ್ಗದ ರೈಫಲ್ಲಿನಲ್ಲಿಯೇ 3.35 ಅಂಗುಲಕ್ಕೆ ಬರುತ್ತಾನೆ. ಗಾಯಗೊಂಡ ಹಂದಿಯು ಕಬ್ಬಿನ ಗದ್ದೆಯನ್ನು ಹೊಕ್ಕರೆ ಮರುದಿನ ಅಲ್ಲಿಗೆ ಇಳಿಯತಕ್ಕವರು ಕೂಲಿಯಾಳುಗಳೂ ಹೆಂಗಸರೂ ಎಂಬುದನ್ನು ನೆನೆದರೆ, ಈ ಲೆಕ್ಕವು ಬರಿಯ ಹಣದ ಲೆಕ್ಕವಲ್ಲವೆಂದು ತೋರುವುದು.

ಬಹಳ ದೂರದ ಗುರಿಗೆ ಪಂದ್ಯ ಹೊಡೆಯುವವರಿಗೆ ಕುಶಲಿಯ ರೈಫಲ್ಲು ಬೇಕೇ ಬೇಕು. ಬೆಳೆ ಕಾಯುವವರಿಗೆ ಬೇಡವೆಂಬುದೇ ನನ್ನ ಅಭಿಪ್ರಾಯ.

ಆದರೆ ಕಾರ್ಖಾನೆಯ ರೈಫಲ್ಲನ್ನು ತಂದ ಹಾಗೆಯೇ ನಂಬಕೂಡದು. ಮರವು ಮಳೆಗಾಲದಲ್ಲಿ ಉಬ್ಬಿ ನಳಿಗೆಯನ್ನು ಒತ್ತಿದರೆ ಬೇಸಗೆಯಲ್ಲಿ ಸರಿಯಾಗಿದ್ದ ಗುರಿ ಆಷಾಢದಲ್ಲಿ ತಪ್ಪುವುದು. ಈಚಿನ ರೈಫಲ್ಲುಗಳಲ್ಲಿ ಹೆಚ್ಚಿನವಕ್ಕೆ ನಳಿಗೆಯನ್ನು ಮರಕ್ಕೆ ತಗಲದಂತೆ ಕೂರಿಸಿರುತ್ತಾರೆ. ಅಂಥದರಲ್ಲಿ ತೆಳುವಾದ ಕಾಗದದ ಪಟ್ಟಿಯೊಂದನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ, ತುದಿಯಿಂದ ಬುಡದ ಕಡೆಗೆ ಎಳೆದು ನೋಡಿರಿ. ನಡುವೆ ಸಿಕ್ಕಿಕೊಂಡರೆ ಅಲ್ಲಿ ಮರವು ಒತ್ತುತ್ತಿದೆಯೆಂದು ತಿಳಿದು, ಬಲ್ಲ ಕೋವಿ ಕೆಲಸದವನಿಂದ ಆ ಜಾಗವನ್ನು ಕೆರೆಸಬೇಕು. ನಳಿಗೆಯ ಬಾಯಂಚಿನಲ್ಲಿ ಒಂದು ಸಣ್ಣ ಕಚ್ಚಿದ್ದರೂ ಗುಂಡು ಹೊರಬೀಳುವಾಗ ಒಲೆಯುತ್ತದೆ. ಆದುದರಿಂದ ಸಾಧ್ಯವಿದ್ದ ಕಡೆ ಶುಚಿಮಾಡುವ ಕೋಲನ್ನು ಹಿಂದಿನಿಂದಲೇ ತೂರಿಸತಕ್ಕದ್ದು. ಗುರಿಗಣ್ಣಿನ ತಿರುಪುಗಳನ್ನು ಬಿಗಿಮಾಡಿ. ತೋಟಾಗಳನ್ನು ಒಂದೇ ತಯಾರಿಕೆಯವನ್ನೇ ಕೊಳ್ಳಿ.

ಮಾರುವವನು ಮೂರು ತೂತುಗಳು ಒಂದಕ್ಕೊಂದು ತಗುಲಿರುವ ಕಾಗದವನ್ನು ತೋರಿಸಿದರೆ ಕೈಮುಗಿದು ಹಿಂದಕ್ಕೆ ಕೊಡಿ. ಮೂರು ಗುಂಡು ಅದೃಷ್ಟದಿಂದಲೂ ಕೂಡುತ್ತವೆ. ಲೈಸೆನ್ಸುಳ್ಳ ಗುರಿ ಮೈದಾನದಲ್ಲಿ ಐದೈದು ಗುಂಡುಗಳನ್ನು ಬೇರೆ ಬೇರೆ ದಿನ ಹಾರಿಸಿ, ತಣ್ಣಗಿದ್ದ ನಳಿಗೆಯ ಮೊದಲನೆಯ ಗುಂಡು ಎಲ್ಲಿ ಬಿತ್ತೆಂಬುದನ್ನು ಪ್ರತ್ಯೇಕವಾಗಿ ಗುರುತುಮಾಡಿಕೊಳ್ಳಿ. ಹೊಲದಲ್ಲಿ ನಿಮಗೆ ದೊರೆಯುವುದು ಬಹುಮಟ್ಟಿಗೆ ಆ ಒಂದು ಗುಂಡಿನ ಅವಕಾಶವೇ.