ಬೊಜ್ಜು ಬರುವುದು ಏಕೆ?

(ಕಾರ್ಮಿಕರ ಮತ್ತು ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ತುಟ್ಟಿಭತ್ಯೆಗಳ ಮಾತನ್ನು ಇಂದು ಬದಿಗಿಟ್ಟು ಹೊಟ್ಟೆಯ ಮಾತಾಡಲು ನಿಂತಿದ್ದೇನೆ. ಹಸಿದ ಹೊಟ್ಟೆಯ ಮಾತಲ್ಲ, ಮುಂದಕ್ಕೆ ಬಂದ ಹೊಟ್ಟೆಯ ಮಾತು. ನಗಬೇಡಿ. ನಾನೂ ಒಮ್ಮೆ ನಕ್ಕವನೇ. ಮೇಷ್ಟರಾಗಿದ್ದಾಗ ದಪ್ಪನೆಯ ಹುಡುಗನೊಬ್ಬನಿಗೆ ಎಲ್ಲರ ಎದುರಿನಲ್ಲಿ "ಊಟ ಕಡಿಮೆ ಮಾಡೋ" ಎಂದೆ. ತರಗತಿಯೆಲ್ಲ ನಕ್ಕಿತು. ಮರುದಿನದಿಂದ ಅವನು ಗೋಡೆಯ ಕಡೆ ಮುಖ ಮಾಡಿ ಬುತ್ತಿ ಉಣ್ಣತೊಡಗಿದ.

ಬೊಜ್ಜಿನ ಲೆಕ್ಕ ಅಂಗಡಿಯ ಲೆಕ್ಕದಂತೆಯೇ. ಉಂಡದ್ದು ಜಮೆ, ದೇಹ ಬಳಸಿದ್ದು ಖರ್ಚು, ಉಳಿದದ್ದು ಕೊಬ್ಬು. ಆದರೆ ಜಮೆ ಏಕೆ ಹೆಚ್ಚಿತು, ಖರ್ಚು ಏಕೆ ಇಳಿಯಿತು ಎಂದು ಕೇಳದೆ "ಹೊಟ್ಟೆಬಾಕ" ಎಂದುಬಿಟ್ಟರೆ ಅದು ಲೆಕ್ಕವಲ್ಲ, ಬೈಗುಳ.

ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯಲ್ಲಿ ಜೀನ್ ಮೇಯರ್, ಪೂರ್ಣಿಮಾ ರಾಯ್, ಕಾಮಾಖ್ಯ ಪ್ರಸಾದ ಮಿತ್ರ ಎಂಬ ಮೂವರು 200ಕ್ಕೂ ಹೆಚ್ಚು ಮಂದಿಯ ಊಟವನ್ನೂ ತೂಕವನ್ನೂ ಪರೀಕ್ಷಿಸಿ 1956ರಲ್ಲಿ ಪ್ರಕಟಿಸಿದರು. ಅವರಲ್ಲಿ ಹೊರೆ ಹೊರುವವರಿದ್ದರು, ಗುಮಾಸ್ತರಿದ್ದರು, ದಿನವಿಡೀ ಕುಳಿತೇ ಇರುವ ಅಂಗಡಿಕಾರರೂ ಇದ್ದರು. ಮೈಮುರಿದು ದುಡಿಯುವವನು ಹೆಚ್ಚು ಉಂಡರೂ ತೂಕ ಏರಿರಲಿಲ್ಲ. ಕುಳಿತವನ ಊಟವೋ ಇಳಿದಿರಲಿಲ್ಲ. ಹೊರೆ ಹೊರುವವನಷ್ಟೇ ಉಣ್ಣುತ್ತಿದ್ದ, ತೂಕ ಮಾತ್ರ ಏರಿತ್ತು. ದುಡಿಯುವ ದೇಹಕ್ಕೆ ಹಸಿವು ಸರಿಯಾದ ಅಳತೆಗೋಲು. ಕುಳಿತ ದೇಹದಲ್ಲಿ ಆ ಅಳತೆ ತಪ್ಪುತ್ತದೆ ಎಂದು ಅವರು ತಿಳಿದರು. ಗಲ್ಲಾಪೆಟ್ಟಿಗೆಯ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಕೂರುವ ನಮ್ಮ ವ್ಯಾಪಾರಿ ಮಿತ್ರರು ಇದನ್ನು ಮನಸ್ಸಿನಲ್ಲಿಡಬೇಕು. ಅದು ಅವರ ಸೋಮಾರಿತನವಲ್ಲ, ಅವರ ಕಸುಬಿನ ಕಟ್ಟಳೆ.

ಎರಡನೆಯದು ಊಟದ ಬಗೆ. 2019ರಲ್ಲಿ ಅಮೆರಿಕದ ಕೆವಿನ್ ಹಾಲ್ ಎಂಬ ವಿಜ್ಞಾನಿ 20 ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ತಿನಿಸನ್ನೂ ಎರಡು ವಾರ ಸಾದಾ ಅಡಿಗೆಯನ್ನೂ ಬಡಿಸಿದರು. ಬೇಕಾದಷ್ಟು ತಿನ್ನಿ ಎಂದರು. ಎರಡರಲ್ಲೂ ಮುಂದಿಟ್ಟ ಸಕ್ಕರೆ, ಕೊಬ್ಬು, ಉಪ್ಪು ಸಮನಾಗಿದ್ದವು. ಆದರೂ ಕಾರ್ಖಾನೆಯ ತಿನಿಸಿದ್ದಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರದಲ್ಲಿ ಸುಮಾರು 0.9 ಕಿಲೊ ಏರಿದರು. ಜನ ಅದೇ, ನಾಲಗೆ ಅದೇ, ಬದಲಾದದ್ದು ತಟ್ಟೆ. ಪಾಳಿ ಮುಗಿಸಿ ದಣಿದು ಬಂದವನ ಕೈಗೆ ಮೊದಲು ಸಿಗುವುದು ಪೊಟ್ಟಣದ ಬಿಸ್ಕತ್ತೇ ಹೊರತು ಹಣ್ಣು-ತರಕಾರಿಯಲ್ಲ.

ಇನ್ನೂ ಕಾರಣಗಳಿವೆ. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆ. ರಾತ್ರಿ ಪಾಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಂದೆತಾಯಿಗಳಿಂದ ಬಂದ ಮೈಕಟ್ಟೂ ಇದೆ. ಒಂದೇ ಮನೆಯಲ್ಲಿ ಒಂದೇ ಊಟ ಉಂಡರೂ ಎಲ್ಲರೂ ಒಂದೇ ಸಮ ದಪ್ಪಗಾಗುವುದಿಲ್ಲ.

ಹಿಂದೆ ವ್ಯಂಗ್ಯಚಿತ್ರದಲ್ಲಿ ಸಾಹುಕಾರನಿಗೆ ಮಾತ್ರ ಡೊಳ್ಳುಹೊಟ್ಟೆ ಬರೆಯುತ್ತಿದ್ದರು. ಆ ಚಿತ್ರ ಈಗ ಹಳೆಯದಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ 100ಕ್ಕೆ 24 ಹೆಂಗಸರು, ಸುಮಾರು 23 ಗಂಡಸರು ಮಿತಿ ಮೀರಿದ ತೂಕದವರು. ನಮ್ಮ ಜನಕ್ಕೆ ತೂಕ ಹೆಚ್ಚಿಲ್ಲದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವುದುಂಟು. ಸಕ್ಕರೆ ಕಾಯಿಲೆಗೆ ಅದು ದಾರಿ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರು, ಹೆಂಗಸರದು 80 ದಾಟಿದರೆ ವೈದ್ಯರನ್ನು ಕಾಣಿರಿ.

ಹಾಗಾದರೆ ಮಾಡಬೇಕಾದುದೇನು? ಅಂಗಡಿಯವರು ಗಂಟೆಗೊಮ್ಮೆ ಎದ್ದು ನಡೆಯಿರಿ. ಆದರೆ ಒಬ್ಬೊಬ್ಬರ ಹಟದಿಂದಲೇ ಎಲ್ಲವೂ ಆಗದು. 250ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಕ್ಯಾಂಟೀನಿಗೆ 1948ರ ಕಾರ್ಖಾನೆ ಕಾಯಿದೆಯೇ ದಾರಿ ಮಾಡಿತ್ತು. ಅಲ್ಲಿ ಬರೀ ಬೋಂಡಾ-ಬಜ್ಜಿ ಏಕೆ? ಬೇಳೆ, ಸೊಪ್ಪು, ಮುದ್ದೆ ಏಕಿಲ್ಲ? ಸರಿಯಾದ ಪಾಳಿ, ಕೊಳ್ಳಲಾಗುವ ಬೆಲೆಗೆ ತರಕಾರಿ, ಮಕ್ಕಳಿಗೆ ಆಟದ ಬಯಲು—ಇವನ್ನು ಒಟ್ಟಾಗಿ ಕೇಳಬೇಕು.

ಆ ಹುಡುಗ ಈಗ ಎಲ್ಲಿದ್ದಾನೋ. ಸಿಕ್ಕರೆ ಒಂದು ಮಾತು ಹೇಳಬೇಕೆಂದಿದ್ದೇನೆ: ಅಂದು ತಪ್ಪಿದ್ದು ನಿನ್ನ ಊಟವಲ್ಲಪ್ಪ, ನಿನ್ನ ಮೇಷ್ಟರ ಬುದ್ಧಿ.